ಅಪ್‌ಗ್ರೇಡ್ ಅರ್ಧಕ್ಕೆ ನಿಂತ ಪೈನ್‌ಫೋನ್: ಅಳಿಸುವ ಮುಂಚೆ ಇಷ್ಟು ನೋಡಿ

ಲಿನಕ್ಸ್ ಓಡುವ ಪೈನ್‌ಫೋನಿನಲ್ಲಿ ಅಪ್‌ಗ್ರೇಡ್ ನಡುವೆ ಪರದೆ ಕಪ್ಪಾಯಿತು ಅಂತ ಕೂಡಲೇ ಹೊಸ ಇಮೇಜ್ (ಇಡೀ ಆಪರೇಟಿಂಗ್ ಸಿಸ್ಟಮ್ ಇರುವ ಫೈಲ್) ಡೌನ್‌ಲೋಡ್ ಮಾಡಿ ಫೋನಿನ ಮೇಲೆ ಬರೆಯಲು ಹೊರಡಬೇಡಿ. ಅಪ್‌ಗ್ರೇಡ್ ಕೆಟ್ಟರೂ ನಿಮ್ಮ ಫೋಟೋ, ಮೆಸೇಜು, ಪಾಸ್‌ವರ್ಡುಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಅವು ನಿಜವಾಗಿ ಹೋಗುವುದು ಗಾಬರಿಯಲ್ಲಿ ಮಾಡುವ ಮುಂದಿನ ಕೆಲಸದಿಂದ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿ ನಿಂತಿತು?

ನಾನು ಠಾಣೆಯ ಒಂದು ಆಫೀಸಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವವಳು. ಭಾನುವಾರ ಮಾಟುಂಗದಲ್ಲಿ ಇಡ್ಲಿ ತಿನ್ನಲು ಸೇರುವ ನಮ್ಮ ಗುಂಪಿನಲ್ಲಿ ಒಂದಿಬ್ಬರ ಹತ್ತಿರ ಪೈನ್‌ಫೋನ್ ಇದೆ. ಅಕ್ಕನ ಮಗನ ಹತ್ತಿರವೂ ಒಂದಿದೆ. ಅವನು ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಇವರೆಲ್ಲ ಹಾಕಿಕೊಂಡಿರುವುದು ಮೊಬಿಯನ್. ಅದು ಫೋನಿಗಾಗಿ ಹೊಂದಿಸಿದ ಡೆಬಿಯನ್ (ಸರ್ವರ್‌ಗಳಲ್ಲೂ ಬಳಸುವ ಲಿನಕ್ಸ್), ಮೇಲೆ ಫಾಶ್ ಎನ್ನುವ ಟಚ್ ಪರದೆ. ಹಾಗಾಗಿ ಡೆಬಿಯನ್ 12ರಿಂದ 13ಕ್ಕೆ, ಅಂದರೆ ಬುಕ್‌ವರ್ಮ್‌ನಿಂದ ಟ್ರಿಕ್ಸಿಗೆ, ಹೋಗುವಾಗ ಸರ್ವರ್‌ನಲ್ಲಿ ಏನು ಕೆಡುತ್ತದೋ ಇಲ್ಲೂ ಅದೇ ಕೆಡುತ್ತದೆ. ರಿಪೇರಿಯೂ ಅದೇ. ಕೀಬೋರ್ಡ್ ಇಲ್ಲ, ಬ್ಯಾಟರಿ ಇದೆ, ಅಷ್ಟೇ ವ್ಯತ್ಯಾಸ.

ಒಂದು ಸೂಚನೆ. ಕಮಾಂಡ್‌ಗಳನ್ನು ಫೋನಿನಲ್ಲಿ ಅಕ್ಕನ ಮಗನಿಗೆ ಓದಿ ಹೇಳಿದ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ. ಗೀಟು ಒಂದೋ ಎರಡೋ ಅನ್ನುವುದನ್ನು ಸರಿಯಾಗಿ ನೋಡಿಕೊಳ್ಳಿ. ಎಲ್ಲವನ್ನೂ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ, ಅಂದರೆ ಮೊದಲಿಗೆ ‘ಸುಡೊ’ ಸೇರಿಸಿ ಓಡಿಸಬೇಕು.

ಕಪ್ಪು ಪರದೆಯಲ್ಲೂ ಬಗೆ ಇದೆ

ಎಲ್‌ಇಡಿ ಇಲ್ಲ, ಬಿಸಿ ಇಲ್ಲ, ಪವರ್ ಬಟನ್ ಎಷ್ಟು ಒತ್ತಿದರೂ ಮಿಸುಕಾಡುವುದಿಲ್ಲ ಅಂದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. ಅಪ್‌ಗ್ರೇಡ್ ಹೊತ್ತಿನಲ್ಲಿ ಪ್ರೊಸೆಸರ್ ಬಿಡುವಿಲ್ಲದೆ ಓಡುತ್ತದೆ, ಬ್ಯಾಟರಿ ಸರಸರನೆ ಇಳಿಯುತ್ತದೆ. ಪೈನ್‌ಫೋನಿನ ಹಿಂದಿನ ಮುಚ್ಚಳ ಉಗುರಿನಲ್ಲೇ ಬಿಚ್ಚಿಕೊಳ್ಳುತ್ತದೆ, ಬ್ಯಾಟರಿ ಕೈಗೆ ಬರುತ್ತದೆ. ಅದರ ಅಳತೆ ಸ್ಯಾಮ್‌ಸಂಗ್ ಜೆ7 ಬ್ಯಾಟರಿಯದ್ದೇ. ಜೆ7 ನಮ್ಮಲ್ಲಿ ಮನೆಮನೆಯಲ್ಲೂ ಇದ್ದ ಫೋನು, ಸ್ಟೇಷನ್ ಪಕ್ಕದ ರಿಪೇರಿ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಚಾರ್ಜ್ ಇರುವ ಇನ್ನೊಂದು ಬ್ಯಾಟರಿ ಹಾಕಿ ನೋಡುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಆದರೆ ಆ ಅಂಗಡಿಯವನ ಕೈಗೆ ಫೋನನ್ನೇ ಕೊಡಬೇಡಿ. ನಮ್ಮ ಹುಡುಗ, ಅದೇ ಅಕ್ಕನ ಮಗ, ಕೊಟ್ಟಿದ್ದ. ಅಂಗಡಿಯವನು ತಿರುಗಿಸಿ ನೋಡಿ ‘ಬೋರ್ಡ್ ಗಯಾ’ ಅಂದ. ಪಾಪ, ದಿನವಿಡೀ ಆಂಡ್ರಾಯ್ಡ್ ನೋಡುವವನಿಗೆ ಇದು ಅರ್ಥವಾಗಬೇಕು ಅಂತೇನಿಲ್ಲ.

ಎಲ್‌ಇಡಿ ಹತ್ತುತ್ತದೆ ಆದರೆ ಮುಂದೆ ಏನೂ ಬರುವುದಿಲ್ಲ ಅಂದರೆ ಕರ್ನಲ್ (ಸಿಸ್ಟಮ್ಮಿನ ತಿರುಳು) ಅಥವಾ ಬೂಟ್ ವಿಭಾಗದ (ಏಳಲು ಬೇಕಾದ ಫೈಲುಗಳಿರುವ ಭಾಗ) ತೊಂದರೆ. ಅಕ್ಷರಗಳು ಓಡಿ ‘ಇನಿಟ್‌ರಾಮ್‌ಎಫ್‌ಎಸ್’ ಅಂತ ಒಂದು ಸಾಲಿನಲ್ಲಿ ನಿಂತರೆ, ಕರ್ನಲ್ ಎದ್ದಿದೆ, ಉಳಿದ ಸಿಸ್ಟಮ್ಮೆಲ್ಲ ಇರುವ ರೂಟ್ ವಿಭಾಗ ಸಿಕ್ಕಿಲ್ಲ ಅಂತ ಲೆಕ್ಕ. ಇವೆರಡೂ ಅಲ್ಲದೆ, ಎಲ್ಲ ಎದ್ದೂ ಫಾಶ್ ಮಾತ್ರ ಬಾರದೆ ಪರದೆ ಕಪ್ಪಾಗಿರುವುದೂ ಉಂಟು. ನೋಡಲು ಸತ್ತ ಹಾಗೆ, ಒಳಗೆ ಜೀವಂತ.

ಹಾಗಾಗಿ ಮುಚ್ಚಳ ಬಿಚ್ಚುವ ಮುಂಚೆ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮಾಡಿ, ಅಂದರೆ ನೆಟ್‌ವರ್ಕ್ ಮೂಲಕ ಫೋನಿನೊಳಗೆ ಲಾಗಿನ್ ಆಗಿ ನೋಡಿ. ಮನೆಯ ವೈಫೈ ರೂಟರ್‌ನ ಪಟ್ಟಿಯಲ್ಲಿ ಫೋನ್ ಕಾಣುತ್ತಿದ್ದರೆ ಅರ್ಧ ಕೆಲಸ ಆದಂತೆ. ಒಳಗೆ ಹೋಗಲು ಬಂದರೆ ಎಸ್‌ಡಿ ಕಾರ್ಡಿನ ಗೊಡವೆಯೇ ಬೇಡ, ಕೆಳಗೆ ಡಿಪಿಕೆಜಿ (ಸಾಫ್ಟ್‌ವೇರ್ ಬಿಚ್ಚಿ ಹೊಂದಿಸುವ ಪ್ರೋಗ್ರಾಂ) ಬಗ್ಗೆ ಬರೆದ ಕಡೆಗೆ ನೇರ ಹೋಗಿ.

ಸುರಂಗದ ತಪ್ಪಲ್ಲ

ಹುಡುಗ ಅಪ್‌ಗ್ರೇಡ್ ಶುರು ಮಾಡಿದ್ದು ಪುಣೆಯಿಂದ ರೈಲಿನಲ್ಲಿ ಬರುವಾಗ, ಮೊಬೈಲ್ ಡೇಟಾದಲ್ಲಿ, ಫೋನಿನದ್ದೇ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ). ‘ಲೋನಾವಳ ದಾಟಿದ ಮೇಲೆ ಘಾಟಿನ ಸುರಂಗದಲ್ಲಿ ನೆಟ್‌ವರ್ಕ್ ಹೋಯ್ತು ಚಿಕ್ಕಮ್ಮ, ಅದಕ್ಕೇ ಹಾಳಾಯ್ತು’ ಅಂದ. ಕೇಳಿದವರಿಗೆ ಸರಿ ಅನಿಸುತ್ತದೆ, ಅಲ್ವಾ? ಆದರೆ ಆಪ್ಟ್, ಅಂದರೆ ಸಾಫ್ಟ್‌ವೇರ್ ಕಟ್ಟುಗಳನ್ನು (ಪ್ಯಾಕೇಜ್) ತರಿಸಿ ಹಾಕುವ ಪ್ರೋಗ್ರಾಂ, ಹಾಗೆ ಕೆಲಸ ಮಾಡುವುದಿಲ್ಲ. ಅದು ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ಮೊದಲು ಇಳಿಸಿಕೊಳ್ಳುತ್ತದೆ. ಎಲ್ಲ ಬಂದ ಮೇಲೆಯೇ ಬಿಚ್ಚಲು ಶುರು ಮಾಡುತ್ತದೆ. ಇಳಿಸುವಾಗ ನೆಟ್‌ವರ್ಕ್ ಹೋದರೆ ಬರೀ ದೂರು ಹೇಳಿ ನಿಲ್ಲುತ್ತದೆ, ಹಳೆಯ ವ್ಯವಸ್ಥೆಗೆ ಒಂದು ಗೀರೂ ಬೀಳುವುದಿಲ್ಲ. ಮತ್ತೆ ಓಡಿಸಿದರೆ ಬಂದಷ್ಟನ್ನು ಇಟ್ಟುಕೊಂಡು ಮುಂದುವರಿಯುತ್ತದೆ.

ಅಪಾಯ ಇರುವುದು ಬಿಚ್ಚುವ, ಹೊಂದಿಸುವ ಹೊತ್ತಿನಲ್ಲಿ. ಆಗ ಫಾಶ್ ತಾನೇ ಬದಲಾಗುತ್ತಿರುತ್ತದೆ. ಅದು ಬಿದ್ದರೆ ಅಥವಾ ರೀಸ್ಟಾರ್ಟ್ ಆದರೆ ಅದರೊಳಗಿನ ಟರ್ಮಿನಲ್ ಮುಚ್ಚುತ್ತದೆ, ಜೊತೆಗೆ ಅದರಲ್ಲಿ ಓಡುತ್ತಿದ್ದ ಅಪ್‌ಗ್ರೇಡ್ ಕೂಡ. ಇಲ್ಲವೇ ಪರದೆ ಮುಟ್ಟದೆ ಬಿಟ್ಟರೆ ಫೋನ್ ನಿದ್ದೆಗೆ ಹೋಗುತ್ತದೆ. ಇಲ್ಲವೇ ಜಾಗ ಸಾಲುವುದಿಲ್ಲ. ಪೈನ್‌ಫೋನಿನ ಒಳಗಿನ ಸಂಗ್ರಹ, ಅಂದರೆ ಇಎಂಎಂಸಿ, 16 ಅಥವಾ 32 ಜಿಬಿ ಮಾತ್ರ. ಅದರಲ್ಲೂ ಬೂಟ್ ವಿಭಾಗ ಇನ್ನೂ ಚಿಕ್ಕದು. ಎರಡು ಹಳೆಯ ಕರ್ನಲ್ ಕೂತಿದ್ದರೆ ಮೂರನೆಯದಕ್ಕೆ ಜಾಗ ಇಲ್ಲ. ಅವನದ್ದು ಕೊನೆಗೆ ಏನಾಗಿತ್ತು ಅಂತ ಲಾಗ್ (ನಡೆದದ್ದರ ದಾಖಲೆ) ಹೇಳಿತು, ಅಲ್ಲಿಗೆ ಬರುತ್ತೇನೆ.

ಎಸ್‌ಡಿ ಕಾರ್ಡಿನಿಂದ ಎಬ್ಬಿಸುವುದು

ಈ ಫೋನಿನ ದೊಡ್ಡ ಗುಣ ಇದು: ಆಲ್‌ವಿನ್ನರ್ ಎ64 ಚಿಪ್ ಮೊದಲು ನೋಡುವುದು ಎಸ್‌ಡಿ ಕಾರ್ಡನ್ನು, ಆಮೇಲೆ ಇಎಂಎಂಸಿಯನ್ನು. ಒಳಗೆ ಏನೇ ಕೆಟ್ಟಿರಲಿ, ಬೂಟ್ ಆಗುವ ಕಾರ್ಡ್ ಹಾಕಿದರೆ ಏಳುತ್ತದೆ. ಪೈನ್‌ಫೋನಿಗೆ ಹೊಂದುವ ಮೊಬಿಯನ್ ಇಮೇಜನ್ನು ಲ್ಯಾಪ್‌ಟಾಪ್‌ನಲ್ಲಿ ಒಂದು ಮೈಕ್ರೋ ಎಸ್‌ಡಿಗೆ ಬರೆಯಿರಿ. ಫೋನ್ ಆರಿಸಿ, ಬ್ಯಾಟರಿ ತೆಗೆದು, ಕಾರ್ಡನ್ನು ಮೇಲಿನ ಸ್ಲಾಟಿಗೆ ಹಾಕಿ. ಕೆಳಗಿನದು ಸಿಮ್‌ದು, ಅಲ್ಲಿ ತುರುಕಬೇಡಿ. ಹೊಸ ಇಮೇಜಿನಲ್ಲಿ ಬಳಕೆದಾರನ ಹೆಸರು ಮೊಬಿಯನ್, ಪಾಸ್‌ವರ್ಡ್ 1234. ಕಾರ್ಡಿನಿಂದ ಎದ್ದಿತು ಅಂದರೆ ಬೋರ್ಡ್, ಪರದೆ, ಬ್ಯಾಟರಿ ಎಲ್ಲ ಸರಿ ಇದೆ. ‘ಬೋರ್ಡ್ ಗಯಾ’ ಅಂದವನ ಮಾತು ಅಲ್ಲಿಗೆ ಮುಗಿಯಿತು.

ಫೋನಿಗೆ ಟೋ-ಬೂಟ್ (ಫೋನನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಹಾಕಿಸಿಕೊಂಡವರು ಪವರ್ ಜೊತೆಗೆ ವಾಲ್ಯೂಮ್ ಕೆಳಗಿನ ಬಟನ್ ಹಿಡಿದರೆ ಎಸ್‌ಡಿಯಿಂದ ಏಳುತ್ತದೆ. ಮೇಲಿನ ಬಟನ್ ಹಿಡಿದರೆ ಎಲ್‌ಇಡಿ ನೀಲಿಯಾಗಿ, ಫೋನು ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್ ತರಹ ಕಾಣಿಸುತ್ತದೆ. ಟೋ-ಬೂಟ್ ಇಲ್ಲದವರಿಗೆ ಅದೇ ಕೆಲಸವನ್ನು ಜಂಪ್‌ಡ್ರೈವ್ ಎನ್ನುವ ಪುಟ್ಟ ಇಮೇಜ್ ಮಾಡುತ್ತದೆ. ಅದನ್ನು ಎಸ್‌ಡಿಗೆ ಬರೆದು ಹಾಕಿ, ಯುಎಸ್‌ಬಿ ಕೇಬಲ್ ಜೋಡಿಸಿದರೆ ಸಾಕು.

ರಿಪೇರಿಗೆ ಕೈ ಹಾಕುವ ಮುಂಚೆ ಇಡೀ ಇಎಂಎಂಸಿಯ ಒಂದು ನಕಲು ತೆಗೆಯಿರಿ. ಜಂಪ್‌ಡ್ರೈವ್‌ನಿಂದ ‘ಡಿಡಿ’ ಮಾಡಿದರೆ 32 ಜಿಬಿ ಒಂದೇ ಫೈಲ್ ಆಗಿ ಲ್ಯಾಪ್‌ಟಾಪ್‌ಗೆ ಬರುತ್ತದೆ. ನಿಧಾನ, ನಿಜ. ಅಡುಗೆ ಮಾಡಿ ಬನ್ನಿ. ಈ ನಕಲು ಇಲ್ಲದೆ ನಾನು ಯಾರ ಫೋನನ್ನೂ ಮುಟ್ಟುವುದಿಲ್ಲ, ಅವರು ಎಷ್ಟೇ ಅವಸರ ಮಾಡಲಿ. ಡಿಡಿಯಲ್ಲಿ ‘ಐಎಫ್’ ಅಂದರೆ ಓದುವ ಕಡೆ, ‘ಓಎಫ್’ ಅಂದರೆ ಬರೆಯುವ ಕಡೆ. ಇವು ಅದಲು ಬದಲಾದರೆ ಉಳಿಸಲು ಹೊರಟದ್ದೇ ಅಳಿಸಿಹೋಗುತ್ತದೆ. ಎಂಟರ್ ಒತ್ತುವ ಮುಂಚೆ ಆ ಎರಡನ್ನೂ ಬಾಯಿಬಿಟ್ಟು ಓದಿ.

ನಕಲು ಆದ ಮೇಲೆ ಮೊಬಿಯನ್ ಕಾರ್ಡಿನಿಂದ ಎದ್ದು ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಓಡಿಸಿ. ಎರಡು ಡಿಸ್ಕ್ ಕಾಣುತ್ತವೆ, ಎರಡರಲ್ಲೂ ಒಂದೇ ಥರದ ವಿಭಾಗಗಳು. ಯಾವುದು ಯಾವುದು ಅಂತ ಹೇಗೆ ಗೊತ್ತು? ಬರೀ ‘ಎಲ್‌ಎಸ್‌ಬಿಎಲ್‌ಕೆ’ ಓಡಿಸಿದಾಗ ಯಾವುದರ ಹೆಸರಿನ ಜೊತೆಗೆ ‘ಬೂಟ್0’, ‘ಬೂಟ್1’ ಅಂತ ಎರಡು ಪುಟ್ಟ ತುಣುಕುಗಳು ಕಾಣುತ್ತವೋ ಅದು ಇಎಂಎಂಸಿ. ಎಸ್‌ಡಿ ಕಾರ್ಡಿಗೆ ಅವು ಇರುವುದಿಲ್ಲ. ಸಾಮಾನ್ಯವಾಗಿ ಅದರ ಹೆಸರು ‘ಎಂಎಂಸಿಬಿಎಲ್‌ಕೆ2’. ಹೆಸರನ್ನು ಬಾಯಿಪಾಠ ಮಾಡಬೇಡಿ, ಗುರುತು ನೋಡಿ.

ಈಗ ಇಎಂಎಂಸಿಯ ರೂಟ್ ವಿಭಾಗವನ್ನು ಮೌಂಟ್ ಮಾಡದೆಯೇ (ಅಂದರೆ ಫೋಲ್ಡರಾಗಿ ಜೋಡಿಸದೆಯೇ) ಅದರ ತಪ್ಪುಗಳನ್ನು ಸರಿಪಡಿಸುವ ‘ಇ2ಎಫ್‌ಎಸ್‌ಸಿಕೆ -ಎಫ್’ ಓಡಿಸಿ. ಬ್ಯಾಟರಿ ಹೋಗಿ ನಿಂತ ಫೋನಾದರೆ ಇದೊಂದರಿಂದಲೇ ಸರಿಹೋಗುವ ಸಾಧ್ಯತೆ ಇದೆ. ವಿಭಾಗ ಎನ್‌ಕ್ರಿಪ್ಟ್ ಆಗಿದ್ದರೆ ಮೊದಲು ‘ಕ್ರಿಪ್ಟ್‌ಸೆಟಪ್ ಓಪನ್’ ಮಾಡಿ ಪಾಸ್‌ವರ್ಡ್ ಕೊಟ್ಟು ತೆರೆಯಬೇಕು.

ಆಮೇಲೆ ರೂಟ್ ವಿಭಾಗವನ್ನು ‘/ಎಂಎನ್‌ಟಿ’ಗೆ, ಬೂಟ್ ವಿಭಾಗವನ್ನು ‘/ಎಂಎನ್‌ಟಿ/ಬೂಟ್’ಗೆ ಮೌಂಟ್ ಮಾಡಿ. ಎರಡನೆಯದನ್ನು ಬಹಳ ಜನ ಬಿಡುತ್ತಾರೆ. ಬಿಟ್ಟರೆ ಹೊಸ ಕರ್ನಲ್, ಹೊಸ ಇನಿಟ್‌ರಾಮ್ (ಏಳುವಾಗ ಕರ್ನಲ್ ಮೊದಲು ಬಳಸುವ ಫೈಲ್) ಎಲ್ಲ ರೂಟ್ ವಿಭಾಗದೊಳಗಿನ ಬರೀ ಒಂದು ಫೋಲ್ಡರಿಗೆ ಹೋಗಿ ಕೂರುತ್ತವೆ. ಕಮಾಂಡ್‌ಗಳೆಲ್ಲ ‘ಆಯಿತು’ ಅನ್ನುತ್ತವೆ, ಫೋನ್ ಮಾತ್ರ ಮೊದಲಿನ ಹಾಗೇ ಕಪ್ಪು. ಮೌಂಟ್ ಆದ ಮೇಲೆ ‘/ದೇವ್’, ‘/ಪ್ರಾಕ್’, ‘/ಸಿಸ್’, ‘/ರನ್’ ಇವನ್ನು ‘ಮೌಂಟ್ --ಬೈಂಡ್’ ಮಾಡಿ ಒಳಗೆ ಜೋಡಿಸಿ, ‘ಸಿಎಚ್‌ರೂಟ್ /ಎಂಎನ್‌ಟಿ’ ಅನ್ನಿ. ಈಗ ನೀವು ಕೆಟ್ಟ ಸಿಸ್ಟಮ್ಮಿನ ಒಳಗಿದ್ದೀರಿ.

ಇದನ್ನು ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದಲ್ಲ ಅಂತ ಕೇಳುತ್ತೀರಿ. ಇಂಟೆಲ್ ಲ್ಯಾಪ್‌ಟಾಪ್ ಆದರೆ ಫೋನಿನ ಎಆರ್‌ಎಂ ಪ್ರೋಗ್ರಾಂಗಳು ಅದರ ಮೇಲೆ ಹಾಗೇ ಓಡುವುದಿಲ್ಲ, ಎಆರ್‌ಎಂ ಚಿಪ್ಪನ್ನು ಅನುಕರಿಸುವ ಕ್ಯೂಎಂಯು ಎನ್ನುವ ಪ್ರೋಗ್ರಾಂ ಬೇಕು. ಸುಮ್ನೆ ಯಾಕೆ ಇಲ್ಲದ ತಲೆನೋವು? ಕಾರ್ಡಿನಿಂದ ಎದ್ದ ಫೋನಿಗೆ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮಾಡಿಕೊಂಡು ದೊಡ್ಡ ಕೀಬೋರ್ಡಿನಲ್ಲಿ ಕೂತು ಕೆಲಸ ಮಾಡಿ.

ಲಾಗ್ ಓದಿ, ಆಮೇಲೆ ಡಿಪಿಕೆಜಿ

ಮೊದಲು ‘/ವಾರ್/ಲಾಗ್/ಆಪ್ಟ್’ ಒಳಗಿನ ‘ಟರ್ಮ್.ಲಾಗ್’ ಫೈಲಿನ ಕೊನೆ. ಪರದೆಯ ಮೇಲೆ ಓಡಿಹೋದದ್ದೆಲ್ಲ ಅಲ್ಲಿರುತ್ತದೆ. ಪಕ್ಕದಲ್ಲೇ, ‘/ವಾರ್/ಲಾಗ್’ನಲ್ಲಿ, ‘ಡಿಪಿಕೆಜಿ.ಲಾಗ್’ ಇದೆ. ಅದರ ಕೊನೆಯ ಸಾಲು ಯಾವ ಪ್ಯಾಕೇಜ್ ಮೇಲೆ ಕೈಯಿಟ್ಟಾಗ ನಿಂತಿತು ಅಂತ ಹೇಳುತ್ತದೆ. ನಮ್ಮ ಹುಡುಗನ ಲಾಗ್‌ನಲ್ಲಿ ಡೌನ್‌ಲೋಡ್ ಪೂರ್ತಿ ಮುಗಿದಿತ್ತು. ಹೊಸ ಕರ್ನಲ್ಲಿನ ಇನಿಟ್‌ರಾಮ್ ಬರೆಯುವಾಗ ‘ಡಿಸ್ಕ್‌ನಲ್ಲಿ ಜಾಗ ಉಳಿದಿಲ್ಲ’ ಅನ್ನುವ ಸಾಲು. ಅದರ ಬೆನ್ನಿಗೇ ಸೆಷನ್ ಮುಚ್ಚಿತ್ತು. ಸುರಂಗ ಪಾಪ ಏನೂ ಮಾಡಿರಲಿಲ್ಲ.

‘ಡಿಎಫ್ -ಎಚ್’ ಓಡಿಸಿ. ಬೂಟ್ ವಿಭಾಗ 100% ಅಂತ ಕಂಡರೆ ಕಾರಣ ಸಿಕ್ಕಿತು. ರೂಟ್ ತುಂಬಿದ್ದರೆ ‘ಆಪ್ಟ್ ಕ್ಲೀನ್’ ಅನ್ನಿ, ಇಳಿಸಿಟ್ಟ ಪ್ಯಾಕೇಜ್‌ಗಳು ಹೋಗಿ ದಂಡಿಯಾಗಿ ಜಾಗ ಬರುತ್ತದೆ. ಬೂಟ್ ತುಂಬಿದ್ದರೆ ಎಲ್ಲಕ್ಕಿಂತ ಹಳೆಯ ಕರ್ನಲ್ ಪ್ಯಾಕೇಜನ್ನು ತೆಗೆಯಿರಿ. ಕೊನೆಯ ಸಲ ಸರಿಯಾಗಿ ಓಡಿದ ಕರ್ನಲ್ ಯಾವುದೋ ಅದನ್ನು ಮಾತ್ರ ಮುಟ್ಟಬೇಡಿ. ಹೊಸದು ಎದ್ದು ನಿಲ್ಲುವ ತನಕ ಅದೇ ಆಸರೆ.

ಈಗ ‘ಡಿಪಿಕೆಜಿ --ಕಾನ್ಫಿಗರ್ -ಎ’. ಬಿಚ್ಚಿ ಬಿಟ್ಟು ಹೊಂದಿಸದೆ ನಿಂತ ಪ್ಯಾಕೇಜ್‌ಗಳನ್ನೆಲ್ಲ ಇದು ಹೊಂದಿಸುತ್ತದೆ. ಲಾಕ್ ಇದೆ ಅಂತ ದೂರು ಬಂದರೆ ಲಾಕ್ ಫೈಲನ್ನು ಅಳಿಸುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನನಗೆ ಅದು ಸ್ವಲ್ಪವೂ ಇಷ್ಟವಿಲ್ಲ. ಲಾಕ್ ಇದೆ ಅಂದರೆ ಇನ್ನೊಂದು ಆಪ್ಟ್ ಎಲ್ಲೋ ಓಡುತ್ತಿದೆ. ಅದು ಯಾವುದು ನೋಡಿ, ಮುಗಿಯಲು ಬಿಡಿ.

ಮಧ್ಯೆ ಒಂದು ಸಂರಚನಾ (ಸೆಟ್ಟಿಂಗ್) ಫೈಲಿನ ಬಗ್ಗೆ ‘ಹೊಸದು ಹಾಕಲೇ, ಹಳೆಯದು ಇರಲೇ’ ಅಂತ ಕೇಳುತ್ತದೆ. ನೀವು ಆ ಫೈಲನ್ನು ಯಾವತ್ತಾದರೂ ತಿದ್ದಿದ್ದರೆ ಮಾತ್ರ ಈ ಪ್ರಶ್ನೆ ಬರುವುದು. ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ. ‘ಡಿ’ ಒತ್ತಿದರೆ ಎರಡರ ವ್ಯತ್ಯಾಸ ತೋರಿಸುತ್ತದೆ. ಅಪ್‌ಗ್ರೇಡ್ ‘ನೇತು ಬಿತ್ತು’ ಅಂತ ಕೆಲವರು ಬ್ಯಾಟರಿ ಕಿತ್ತದ್ದು ಇದೇ ಪ್ರಶ್ನೆಯ ಮುಂದೆ. ಅದು ಸುಮ್ಮನೆ ಉತ್ತರಕ್ಕೆ ಕಾಯುತ್ತಿತ್ತು ಅಷ್ಟೇ.

ನಂತರ ‘ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’, ಅದಾದ ಮೇಲೆ ‘ಆಪ್ಟ್ ಅಪ್‌ಡೇಟ್’, ‘ಆಪ್ಟ್ ಫುಲ್-ಅಪ್‌ಗ್ರೇಡ್’. ಕೊನೆಯದು ‘ಇಷ್ಟು ಪ್ಯಾಕೇಜ್ ತೆಗೆಯುತ್ತೇನೆ’ ಅಂತ ಪಟ್ಟಿ ಕೊಟ್ಟಾಗ ನಿಂತು ಓದಿ. ಆ ಪಟ್ಟಿಯಲ್ಲಿ ಫಾಶ್ ಅಥವಾ ಕರ್ನಲ್ ಹೆಸರು ಇದ್ದರೆ ‘ಎನ್’ ಅನ್ನಿ. ಅಂದರೆ ಎಲ್ಲೋ ಎರಡು ಆವೃತ್ತಿ ಬೆರೆತಿದೆ.

ಬೆರೆಯುವುದು ಹೇಗೆ ಅಂದರೆ, ಮೊಬಿಯನ್ ಫೋನಿನಲ್ಲಿ ಪ್ಯಾಕೇಜ್ ಬರುವುದು ಎರಡು ಕಡೆಯಿಂದ. ಬಹುಪಾಲು ಡೆಬಿಯನ್‌ನಿಂದ. ಫೋನಿನ ಕರ್ನಲ್ ಮತ್ತು ಕೆಲವು ಹೊಂದಾಣಿಕೆಯ ಪ್ಯಾಕೇಜ್‌ಗಳು ಮೊಬಿಯನ್‌ನ ಸ್ವಂತ ರೆಪೊಸಿಟರಿಯಿಂದ (ಪ್ಯಾಕೇಜ್ ಉಗ್ರಾಣ). ಡೆಬಿಯನ್ ಸಾಲಿನಲ್ಲಿ ಟ್ರಿಕ್ಸಿ ಅಂತ ಬದಲಿಸಿ ಮೊಬಿಯನ್ ಸಾಲನ್ನು ಬುಕ್‌ವರ್ಮ್‌ನಲ್ಲೇ ಬಿಟ್ಟರೆ ಕರ್ನಲ್ ಹಳೆಯದು, ಉಳಿದದ್ದೆಲ್ಲ ಹೊಸದು. ‘ಗ್ರೆಪ್ -ಆರ್ ಬುಕ್‌ವರ್ಮ್ /ಇಟಿಸಿ/ಆಪ್ಟ್’ ಅಂದರೆ ಉಳಿದುಹೋದ ಸಾಲುಗಳೆಲ್ಲ ಸಿಗುತ್ತವೆ. ಕೆಲವು ‘.ಲಿಸ್ಟ್’ ಫೈಲಿನಲ್ಲಿ, ಕೆಲವು ‘.ಸೋರ್ಸಸ್’ ಫೈಲಿನಲ್ಲಿ ಇರುತ್ತವೆ, ಎರಡೂ ನೋಡಿ. 11ರಿಂದ ನೇರ 13ಕ್ಕೆ ಹಾರಿದವರಿಗೆ ಹೇಳುವುದು: ಡೆಬಿಯನ್ ಅದನ್ನು ಒಪ್ಪುವುದೇ ಇಲ್ಲ, ನಡುವೆ 12ರಲ್ಲಿ ಇಳಿದೇ ಹೋಗಬೇಕು.

ಕರ್ನಲ್ ಮತ್ತು ಬೂಟ್ ಪಟ್ಟಿ

‘/ಬೂಟ್’ ಒಳಗೆ ಪ್ರತಿ ‘ವಿಎಂಲಿನಕ್ಸ್’ (ಕರ್ನಲ್) ಫೈಲಿಗೂ ಅದೇ ಆವೃತ್ತಿಯ ‘ಇನಿಟ್‌ಆರ್‌ಡಿ’ (ಇನಿಟ್‌ರಾಮ್) ಫೈಲ್ ಇರಬೇಕು. ಇಲ್ಲದಿದ್ದರೆ, ಅಥವಾ ಅದರ ಗಾತ್ರ ಸೊನ್ನೆ ಇದ್ದರೆ, ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ’ ಅಂತ ಬರೆದು ಕೊನೆಗೆ ಆವೃತ್ತಿ ಕೊಡಿ. ಆಮೇಲೆ ‘ಯು-ಬೂಟ್-ಅಪ್‌ಡೇಟ್’. ಇದು ‘/ಬೂಟ್/ಎಕ್ಸ್‌ಟ್‌ಲಿನಕ್ಸ್’ ಒಳಗಿನ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ. ಆ ಪಟ್ಟಿಯನ್ನು ತೆರೆದು, ಅದರಲ್ಲಿ ಬರೆದ ಪ್ರತಿ ಹಾದಿಯಲ್ಲೂ ನಿಜವಾಗಿ ಫೈಲ್ ಇದೆಯೇ ಕಣ್ಣಾರೆ ನೋಡಿ. ಬೂಟ್ ಬೇರೆ ವಿಭಾಗವಾದ್ದರಿಂದ ಹಾದಿಯ ಮುಂದೆ ‘/ಬೂಟ್’ ಇರುವುದಿಲ್ಲ, ಅದು ತಪ್ಪಲ್ಲ. ‘ಅಪೆಂಡ್’ ಸಾಲಿನಲ್ಲಿರುವ ರೂಟ್ ಯುಯುಐಡಿ (ವಿಭಾಗದ ಗುರುತು ಸಂಖ್ಯೆ) ಮತ್ತು ಎಲ್‌ಎಸ್‌ಬಿಎಲ್‌ಕೆ ತೋರಿಸಿದ್ದು ಒಂದೇ ಇರಬೇಕು. ಬೇರೆ ಇದ್ದರೆ ಅದೇ ನಿಮ್ಮ ‘ಇನಿಟ್‌ರಾಮ್‌ಎಫ್‌ಎಸ್’ ಸಾಲಿನ ಕಾರಣ.

ಹೊಸ ಕರ್ನಲ್ ಮೇಲೆ ನಂಬಿಕೆ ಇಲ್ಲವೇ? ಪಟ್ಟಿಯ ಮೇಲ್ಭಾಗದಲ್ಲಿ ‘ಡಿಫಾಲ್ಟ್’ ಸಾಲಿದೆ. ಅಲ್ಲಿ ಹಳೆಯ ಕರ್ನಲ್ಲಿನ ಲೇಬಲ್ ಹೆಸರು ಬರೆದರೆ ಮುಂದಿನ ಸಲ ಅದು ಏಳುತ್ತದೆ.

ಇಷ್ಟಾದರೂ ಕಾರಣ ಹೊಳೆಯದಿದ್ದರೆ ಸೀರಿಯಲ್ ಕೇಬಲ್. ಮುಚ್ಚಳದೊಳಗೆ ಆರು ಪುಟ್ಟ ಸ್ವಿಚ್‌ಗಳಿವೆ, ಆರನೆಯದು ಹೆಡ್‌ಫೋನ್‌ದು. ಅದನ್ನು ಆಫ್ ಮಾಡಿದರೆ ಹೆಡ್‌ಫೋನ್ ತೂತೇ ಸೀರಿಯಲ್ ಪೋರ್ಟ್ ಆಗುತ್ತದೆ, ವೇಗ 115200. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ‘ಯುಎಸ್‌ಬಿ ಟು ಟಿಟಿಎಲ್’ ಅಂತ ಕೇಳಿದರೆ ಚಿಕ್ಕ ಬೋರ್ಡ್ ಕೊಡುತ್ತಾರೆ. 3.3 ವೋಲ್ಟಿನದೇ ಬೇಕು ಅಂತ ಒತ್ತಿ ಹೇಳಿ, 5 ವೋಲ್ಟಿನದು ಫೋನನ್ನು ಸುಟ್ಟೀತು. ಪರದೆ ಏಳುವ ಮುಂಚಿನ ಮಾತುಗಳೆಲ್ಲ ಇದರಲ್ಲಿ ಕಾಣುತ್ತವೆ. ಆದರೆ ಬೆಸುಗೆ ಹಾಕಲು ಬಾರದವರು ಮೊದಲ ದಿನವೇ ಇದಕ್ಕೆ ಹೋಗಬೇಕಿಲ್ಲ.

ಕೆಲಸ ಮುಗಿದ ಮೇಲೆ ಸಿಎಚ್‌ರೂಟ್‌ನಿಂದ ಹೊರಬಂದು, ‘ಯುಮೌಂಟ್ -ಆರ್ /ಎಂಎನ್‌ಟಿ’ ಮಾಡಿ (ಇಲ್ಲಿ ‘ಆರ್’ ದೊಡ್ಡಕ್ಷರ), ಫೋನ್ ಆರಿಸಿ, ಎಸ್‌ಡಿ ಕಾರ್ಡ್ ತೆಗೆಯಿರಿ. ತೆಗೆಯದಿದ್ದರೆ ಫೋನ್ ಮತ್ತೆ ಕಾರ್ಡಿನಿಂದಲೇ ಎದ್ದು, ‘ನನ್ನ ಫೋಟೋ ಎಲ್ಲ ಹೋಯ್ತು’ ಅಂತ ಇನ್ನೊಂದು ಸುತ್ತಿನ ಗಾಬರಿ. ಸರಿಯಾಗಿ ಎದ್ದರೆ ‘ಯುನೇಮ್ -ಆರ್’ನಿಂದ ಯಾವ ಕರ್ನಲ್ ಅಂತಲೂ, ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ನಿಂದ ಇನ್ನೇನು ಬಿದ್ದಿದೆ ಅಂತಲೂ ನೋಡಿ.

ಮುಂದಿನ ಅಪ್‌ಗ್ರೇಡ್‌ಗೆ ಚಾರ್ಜರ್ ಹಾಕಿ, ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮಾಡಿ, ಸಂಪರ್ಕ ಕಡಿದರೂ ಕೆಲಸ ಮುಂದುವರಿಸುವ ಟಿಮಕ್ಸ್ ಎನ್ನುವ ಪ್ರೋಗ್ರಾಂ ಒಳಗೆ ಓಡಿಸಿ. ಆಗ ಫಾಶ್ ಬಿದ್ದರೂ ವೈಫೈ ಹೋದರೂ ಕೆಲಸ ನಿಲ್ಲುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ನಿದ್ದೆ ಹೋಗುವುದನ್ನು ಆಫ್ ಮಾಡಿ. ಮೊದಲು ‘ಆಪ್ಟ್ ಅಪ್‌ಗ್ರೇಡ್ --ವಿದೌಟ್-ನ್ಯೂ-ಪಿಕೆಜಿಎಸ್’, ಅದು ಮುಗಿದ ಮೇಲೆ ಫುಲ್-ಅಪ್‌ಗ್ರೇಡ್. ಡೆಬಿಯನ್‌ನವರೇ ಹೇಳುವ ಕ್ರಮ ಇದು.

ಇಷ್ಟೆಲ್ಲ ಮಾಡಿಯೂ ಏಳದ ಫೋನು ಇರುತ್ತದೆ. ಹಾಗಿದ್ದರೆ ಒಂದು ಸಂಜೆಗಿಂತ ಜಾಸ್ತಿ ಅದರ ಜೊತೆ ಗುದ್ದಾಡಬೇಡಿ. ನಕಲು ಲ್ಯಾಪ್‌ಟಾಪ್‌ನಲ್ಲಿದೆ ಅಲ್ವಾ, ಈಗ ಧೈರ್ಯವಾಗಿ ಹೊಸ ಇಮೇಜ್ ಬರೆಯಿರಿ. ಆಮೇಲೆ ನಕಲಿನಿಂದ ಫೋಟೋ, ದಾಖಲೆ, ಎಸ್‌ಎಸ್‌ಎಚ್ ಕೀಲಿಗಳನ್ನು ಮಾತ್ರ ವಾಪಸ್ ತನ್ನಿ. ಹಳೆಯ ‘.ಕಾನ್ಫಿಗ್’ ಫೋಲ್ಡರನ್ನು ಇಡಿಯಾಗಿ ಸುರಿಯಬೇಡಿ, ಹಳೆಯ ಫಾಶ್‌ನ ಸೆಟ್ಟಿಂಗ್‌ಗಳು ಹೊಸದಕ್ಕೆ ಹೊಂದದೆ ಮತ್ತೆ ಪರದೆ ಕಪ್ಪಾದೀತು.